ಮೇಲಿನ ಮೆಟ್ಟಿಲಿನ ರಾಜ

ಇಲ್ಲಿ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಪೊಲೀಸರು ಬರುತ್ತಾರಂತೆ. ಅಮೆರಿಕದ ರಾಲಿ ಊರಿಗೆ ಬಂದ ಎರಡನೆಯ ವಾರವೇ ಇದು ನನಗೆ ಗೊತ್ತಾಯಿತು. ಮೂರು ವರ್ಷದ ಮಗಳು ಮೇಧಾ ಮಲಗಿದ್ದಾಳಲ್ಲ ಎಂದು ಬಾಗಿಲು ಎಳೆದುಕೊಂಡು, ಅಪಾರ್ಟ್‌ಮೆಂಟಿನ ಮೂಲೆಯ ದೊಡ್ಡ ಡಬ್ಬಕ್ಕೆ ಕಸ ಹಾಕಲು ಹೋಗಿದ್ದೆ. ಹಿಂದಿರುಗಿದಾಗ ಕೆಳಗಿನ ಮನೆಯ ಹೆಂಗಸು ಮೆಟ್ಟಿಲ ಬಳಿ ನಿಂತಿದ್ದಳು. "ಮಗು ಒಳಗೆ ಒಬ್ಬಳೇ ಇದ್ದಾಳಾ?" ಎಂದು ನಗುತ್ತಲೇ ಕೇಳಿದಳು. ಹಾಗೆ ಬಿಟ್ಟರೆ ಇಲ್ಲಿ ಪೊಲೀಸರು ಬರುತ್ತಾರೆ ಎಂದೂ ಸೇರಿಸಿದಳು; ನಾನು ಮೆಟ್ಟಿಲು ಹತ್ತಿ ಓಡಿದೆ.

ಮೈಸೂರಿನ ನಮ್ಮ ಬೀದಿಯಲ್ಲಿ ಮಕ್ಕಳು ಯಾರ ಮನೆಯಲ್ಲಿ ಉಂಡರು, ಯಾರ ಜಗಲಿಯಲ್ಲಿ ನಿದ್ದೆ ಹೋದರು ಎಂದು ಸಂಜೆಯವರೆಗೆ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಅದೇ ಅಪರಾಧ. ಲ್ಯಾನ್‌ಹ್ಯಾಮ್ ಊರಿನ ಹಿಂದೂ ದೇವಸ್ಥಾನಕ್ಕೆ ಐದು ಗಂಟೆ ಕಾರಿನಲ್ಲಿ ಹೋಗಿದ್ದಾಗ ಸಿಕ್ಕ ಆಂಟಿಯೊಬ್ಬರು ನನ್ನ ಹೊಟ್ಟೆ ನೋಡಿ ಇನ್ನಷ್ಟು ಹೆದರಿಸಿದರು. "ಡೆಲಿವರಿ ಟೈಮಲ್ಲಿ ದೊಡ್ಡೋಳನ್ನ ಯಾರು ನೋಡ್ಕೋತಾರಮ್ಮ? ಕೇರ್‌ಫುಲ್ ಆಗಿರು. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ಮಗೂನ ತಗೊಂಡ್ಹೋಗಿ ಬೇರೆಯವ್ರ ಮನೇಲಿ ಇಟ್ಬಿಡ್ತಾರೆ." ಅಮ್ಮನಿಗೆ ಮದ್ರಾಸಿನಲ್ಲಿ ವೀಸಾ ಕೊಟ್ಟಿರಲಿಲ್ಲ. ನನ್ನ ಗಂಡ ರಮೇಶ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಬಟ್ಟೆಯ ಬಣ್ಣಗಳ ಮೇಲೆ ಸಂಶೋಧನೆ ಮಾಡುತ್ತಾರೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಅಕ್ಟೋಬರ್ ಕೊನೆಗೆ ಹೆರಿಗೆ. ಆ ದಿನ ಮೇಧಾಳನ್ನು ಯಾರ ಕೈಗೆ ಕೊಡುವುದು? ಈ ವರ್ಷವೆಲ್ಲ ನಾನು ಆ ಒಂದೇ ಪ್ರಶ್ನೆಯನ್ನು ಹೊತ್ತು ತಿರುಗಿದೆ.

ಕೊನೆಗೆ ದೇವರು ಇಬ್ಬರನ್ನು ಕೊಟ್ಟ ಎಂದುಕೊಂಡೆ.

ಒಬ್ಬಳು ಪಕ್ಕದ ಬ್ಲಾಕಿನ ಚೀನಾದ ಅಜ್ಜಿ. ಅವಳ ಮಗಳು ಲಿನ್ ರಮೇಶನ ಲ್ಯಾಬಿನಲ್ಲೇ ಕೆಲಸ ಮಾಡುವವಳು. ತಾಯಿಯ ತಾಯಿಯನ್ನು ಅವರ ಕಡೆ 'ವೈಪೋ' ಎನ್ನುತ್ತಾರೆ. ಮೇಧಾಳೂ ಹಾಗೇ ಕರೆಯತೊಡಗಿದಳು. ಅಜ್ಜಿಗೆ ಇಂಗ್ಲಿಷ್ ಬಾರದು. ಆದರೂ ವಾರಕ್ಕೆರಡು ಮಧ್ಯಾಹ್ನ ಮೇಧಾಳನ್ನು ಕರೆದುಕೊಂಡು ಹೋಗಿ, ತಲೆ ಬಾಚಿ, ಅನ್ನ ತಿನ್ನಿಸಿ ಕಳಿಸುತ್ತಿದ್ದಳು. ಹೆರಿಗೆಯ ದಿನ ಮಗುವನ್ನು ತಾನೇ ಇಟ್ಟುಕೊಳ್ಳುವುದಾಗಿ ಲಿನ್ ಮೂಲಕ ಹೇಳಿಸಿದ್ದಳು.

ಇನ್ನೊಬ್ಬಳು ಎದುರು ಮನೆಯ ನೊರಿಕೊ. ನಲವತ್ತರ ಜಪಾನಿ ಹೆಂಗಸು, ಗಂಡ ಎಂಜಿನಿಯರ್, ಮಕ್ಕಳಿಲ್ಲ. ನನಗೆ ಕಾರು ಓಡಿಸಲು ಬಾರದು. ಡಾಕ್ಟರರ ಬಳಿಗೆ ತಿಂಗಳು ತಿಂಗಳೂ ಕರೆದೊಯ್ದವಳು ಅವಳೇ. 'ಶಾರದಾ-ಸಾನ್' ಎನ್ನುತ್ತಾಳೆ, ನಾವು ಹೆಸರಿಗೆ 'ಅವರೇ' ಸೇರಿಸುವ ಹಾಗೆ.

ಮೈಸೂರಿನಲ್ಲಿ ಆರು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಜಪಾನು ಚೀನಾದ ಮೇಲೆ ನಡೆಸಿದ ಯುದ್ಧ ನಮ್ಮ ಪಠ್ಯದಲ್ಲಿ ಅರ್ಧ ಪುಟ. ನಾಲ್ಕು ಕಾರಣ, ನಾಲ್ಕು ಪರಿಣಾಮ, ಐದು ಅಂಕ. ನಮ್ಮ ತಾತನಿಗಂತೂ ಬ್ರಿಟಿಷರನ್ನು ನಡುಗಿಸಿದವರು ಎಂದು ಜಪಾನಿಯರ ಮೇಲೆ ಅಭಿಮಾನವೇ ಇತ್ತು. ಇಲ್ಲಿ ಆ ಇಬ್ಬರನ್ನು ಕಂಡಾಗ ನನಗೆ ಹೊಳೆದದ್ದಾದರೂ ಏನು? ಇಬ್ಬರೂ ಕಡ್ಡಿಯಲ್ಲಿ ಅನ್ನ ತಿನ್ನುತ್ತಾರೆ, ಒಂದು ದಿನ ಇಬ್ಬರನ್ನೂ ಕೂರಿಸಿ ಕಾಫಿ ಕೊಡಬೇಕು ಎಂದು! ಪಾಠ ಹೇಳಿದವಳ ಬುದ್ಧಿ ಇಷ್ಟು.

ನವರಾತ್ರಿ ಬಂತು. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಬೊಂಬೆ, ಆ ರಾಜ ರಾಣಿಯ ಜೋಡಿ, ಸೂಟ್‌ಕೇಸಿನಲ್ಲಿ ಜಾಗವಿಲ್ಲದೆ ಮೈಸೂರಿನಲ್ಲೇ ಉಳಿದಿತ್ತು. ಆದರೂ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಬಿಳಿ ಬೆಡ್‌ಶೀಟ್ ಹೊದಿಸಿ ಐದು ಮೆಟ್ಟಿಲು ಮಾಡಿದೆ. ನೊರಿಕೊ ಅದನ್ನು ನೋಡಿ ಕೈ ತಟ್ಟಿದಳು. ಅವರಲ್ಲೂ ಹೆಣ್ಣುಮಕ್ಕಳ ಹಬ್ಬಕ್ಕೆ ಹೀಗೆಯೇ ಮೆಟ್ಟಿಲು ಕಟ್ಟಿ, ಕೆಂಪು ಬಟ್ಟೆ ಹಾಸಿ, ಮೇಲಿನ ಮೆಟ್ಟಿಲಿನಲ್ಲಿ ಚಕ್ರವರ್ತಿ ಮತ್ತು ರಾಣಿಯ ಬೊಂಬೆ ಕೂರಿಸುತ್ತಾರಂತೆ. ಓಡಿಹೋಗಿ ತನ್ನ ತಾಯಿ ಕೊಟ್ಟ ಜೋಡಿಯನ್ನು ತಂದಳು. ರೇಷ್ಮೆ ಉಡುಪು, ಬಿಳಿ ಮುಖ, ರಾಜನ ಕೈಯಲ್ಲಿ ಸಣ್ಣ ಮರದ ಪಟ್ಟಿ. ನನ್ನ ಮೆಟ್ಟಿಲಿಗೂ ರಾಜ ಸಿಕ್ಕ ಎಂದು ಹಿಗ್ಗಿ, ಕಲಶದ ಪಕ್ಕದಲ್ಲಿ ಕೂರಿಸಿದೆ.

ಮೂರನೆಯ ದಿನ ಸಂಜೆ ವೈಪೋ ಮೇಧಾಳನ್ನು ಬಿಡಲು ಬಂದಳು, ಜೊತೆಯಲ್ಲಿ ಲಿನ್. ಮನೆಗೆ ಬಂದ ಮುತ್ತೈದೆಯರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಕೂರಿಸಿ, ಹಾಡು ಹೇಳಿ, ಬೊಂಬೆಗಳಿಗೆ ಆರತಿ ಎತ್ತಿದೆ. ಅಜ್ಜಿ ಮೇಲಿನ ಮೆಟ್ಟಿಲನ್ನು ತೋರಿಸಿ ಏನೋ ಕೇಳಿದಳು. ನಾನು ಜಂಬದಿಂದಲೇ ಹೇಳಿದೆ: "ಜಪಾನಿನ ಚಕ್ರವರ್ತಿ. ನಮ್ಮಲ್ಲಿ ಮೇಲಿನ ಮೆಟ್ಟಿಲು ರಾಜನದು. ಒಂಬತ್ತು ದಿನವೂ ಪೂಜೆ ಮಾಡ್ತೀವಿ."

ಲಿನ್ ಅನುವಾದ ಮಾಡಲಿಲ್ಲ. ಅಜ್ಜಿ ಮತ್ತೆ ಕೇಳಿದಳು. ಲಿನ್ ತಲೆ ತಗ್ಗಿಸಿ ಎರಡು ಮಾತು ಹೇಳಿದಳು. ಆರತಿ ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅಜ್ಜಿ ದೀಪವನ್ನು ನೋಡಿದಳು, ನನ್ನ ತುಂಬಿದ ಹೊಟ್ಟೆಯನ್ನು ನೋಡಿದಳು, ಎದ್ದಳು. ನಾನು ಕುಂಕುಮದ ಬಟ್ಟಲು ಚಾಚಿದರೆ ಹಿಂದಕ್ಕೆ ಸರಿದಳು. ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಟುಹೋದಳು.

ಮರುದಿನ ಲಿನ್ ಒಬ್ಬಳೇ ಬಂದು ಬಾಗಿಲಲ್ಲೇ ನಿಂತು ಮಾತಾಡಿದಳು. "ಜಪಾನಿ ಸೈನಿಕರು ಊರಿಗೆ ಬಂದಾಗ ಅಮ್ಮನಿಗೆ ಒಂಬತ್ತು ವರ್ಷ. ಅಮ್ಮನ ಅಕ್ಕನಿಗೆ ಹದಿನೇಳು. ಸೌದೆಯ ಹಿಂದೆ ಅವಿತುಕೊಂಡು ಅಮ್ಮ ಎಲ್ಲಾ ನೋಡಿದ್ದಾಳೆ. ಅಕ್ಕನ್ನ ಎಳ್ಕೊಂಡು ಹೋದೋರು ವಾಪಸ್ ಕಳಿಸಲಿಲ್ಲ. ಎಲ್ಲಾ ಆ ಚಕ್ರವರ್ತಿ ಹೆಸರಲ್ಲೇ ಮಾಡಿದ್ದು."

"ನಂಗೆ ಗೊತ್ತಿರ್ಲಿಲ್ಲ," ಎಂದೆ. ಗೊತ್ತಿತ್ತು, ಐದು ಅಂಕಕ್ಕೆ ಬೇಕಾದಷ್ಟು ಗೊತ್ತಿತ್ತು.

ಇದು ಯುದ್ಧ ಮುಗಿದು ಐವತ್ತು ವರ್ಷ ತುಂಬಿದ ವರ್ಷ. ಜಪಾನಿನ ಪ್ರಧಾನಿ ಕ್ಷಮೆ ಕೇಳಿದ್ದನ್ನು ಆಗಸ್ಟಿನಲ್ಲಿ ಟೀವಿಯಲ್ಲಿ ತೋರಿಸಿದ್ದರು. ಅಜ್ಜಿ ಅದನ್ನು ನೋಡಿದಳಾ ಎಂದು ಕೇಳಿದೆ. "ಟೀವಿ ಆಫ್ ಮಾಡಿದಳು," ಎಂದಳು ಲಿನ್.

ಆಮೇಲೆ ವೈಪೋ ಬರಲಿಲ್ಲ. ಹೆರಿಗೆಗೆ ನಾಲ್ಕು ವಾರ. "ತೆಗೆದ್ಬಿಡೇ, ಬೊಂಬೆ ತಾನೆ," ಎಂದರು ರಮೇಶ. ಕೂರಿಸಿದ ಪಟ್ಟದ ಬೊಂಬೆಯನ್ನು ದಶಮಿಗೆ ಮುಂಚೆ ಕದಲಿಸಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಅಲ್ಲಿಂದಲೇ ಕೂಗಿದಳು: "ತುಂಬಿದ ಬಸುರಿ ಕಣೇ ನೀನು! ಕೂತ ಬೊಂಬೇನ ಎಬ್ಬಿಸ್ತಾರೇನೇ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಎಬ್ಬಿಸಿದರೆ ಹೊಟ್ಟೆಯ ಮಗುವಿಗೆ ಭಯ, ಬಿಟ್ಟರೆ ಮೇಧಾಳಿಗೆ ಭಯ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ದೇವರಿಗೆ ಕೈ ಮುಗಿದು, ರಾಜ ರಾಣಿಯನ್ನು ಇಳಿಸಿ, ಕಾಗದದಲ್ಲಿ ಸುತ್ತಿ ನೊರಿಕೊ ಮನೆಗೆ ಒಯ್ದೆ. ಏನು ಸುಳ್ಳು ಹೇಳಲಿ ಎಂದು ರಾತ್ರಿಯಿಡೀ ಯೋಚಿಸಿದ್ದೆ, ಬೇಕಾಗಲಿಲ್ಲ. ಅವಳು ಗಂಟು ನೋಡಿ, "ಲಿನ್ ಅವರ ತಾಯಿ?" ಎಂದಳು. ಹೌದೆಂದೆ.

ಗಂಟನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟು ಹೇಳಿದಳು: "ಎರಡು ವರ್ಷದಿಂದ ಆ ಅಜ್ಜಿ ಇಲ್ಲದ ಹೊತ್ತು ನೋಡಿಕೊಂಡೇ ನಾನು ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಗೆ ಹೋಗ್ತೀನಿ. ನನ್ನ ತಂದೆ ಚೀನಾದಲ್ಲಿ ಸೈನಿಕ ಆಗಿದ್ದರು. ಎಲ್ಲಿದ್ದರು, ಏನು ಮಾಡಿದರು, ಒಂದು ದಿನವೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳೋಕೆ ಭಯ." ಬಟ್ಟೆ ಒಗೆಯಲು ಹೋಗುವುದಕ್ಕೂ ಹೆದರುವವಳ ಕಾರಿನಲ್ಲಿ ನಾನು ಇಷ್ಟು ದಿನ ನಿಶ್ಚಿಂತೆಯಾಗಿ ಕೂತಿದ್ದೆ.

ಬೊಂಬೆ ಇಳಿಸಿದ್ದನ್ನು ರಮೇಶ ಲಿನ್‌ಗೆ ಹೇಳಿದರು. ಅಜ್ಜಿಯಿಂದ ಉತ್ತರ ಬರಲಿಲ್ಲ. ದಶಮಿ ಕಳೆಯಿತು.

ಎರಡು ವಾರದ ಮೇಲೆ, ರಮೇಶ ಅಟ್ಲಾಂಟಾಕ್ಕೆ ಒಂದು ಸಮ್ಮೇಳನಕ್ಕೆ ಹೋದ ದಿನವೇ, ಬೆಳಿಗ್ಗೆ ಹತ್ತು ಗಂಟೆಗೆ ನನಗೆ ನೋವು ಕಾಣಿಸಿಕೊಂಡಿತು. ದಿನ ತುಂಬುವ ಮೊದಲೇ ಬಂತಲ್ಲ, ಬೊಂಬೆ ಎಬ್ಬಿಸಿದ್ದಕ್ಕೇ ಹೀಗಾಯಿತು ಎಂದು ಅಳುತ್ತಲೇ ನೊರಿಕೊಗೆ ಫೋನ್ ಮಾಡಿದೆ. ಅವಳು ಬಂದು ನನ್ನನ್ನು ಕಾರಿನಲ್ಲಿ ಕೂರಿಸಿದಳು. ಹೆರಿಗೆ ಕೋಣೆಗೆ ಮಕ್ಕಳನ್ನು ಬಿಡುವುದಿಲ್ಲ. ಲಿನ್ ಕೆಲಸಕ್ಕೆ ಹೋಗಿಯಾಗಿತ್ತು. ಮೇಧಾ ನನ್ನ ಸೆರಗು ಬಿಡದೆ ಚೀರುತ್ತಿದ್ದಳು.

ನೊರಿಕೊ ಮೇಧಾಳ ಕೈ ಹಿಡಿದಳು. "ಹೋಗಬೇಡ, ಅವಳು ಬಾಗಿಲು ಹಾಕಿಬಿಡ್ತಾಳೆ," ಎಂದೆ. ಅವಳು ಕೇಳಿಸಿಕೊಳ್ಳದೆ ಪಕ್ಕದ ಬ್ಲಾಕಿನತ್ತ ನಡೆದಳು. ಮೇಧಾಳ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು.

ಕೆಳಗಿನ ಅಂತಸ್ತಿನ ಮನೆ, ಕಾರಿನಿಂದಲೇ ಕಾಣುತ್ತಿತ್ತು. ಬಾಗಿಲು ತೆರೆಯಿತು. ಅಜ್ಜಿ ಮಗುವನ್ನು ನೋಡಿದಳು, ಆಮೇಲೆ ನೊರಿಕೊಳನ್ನು. ನೊರಿಕೊ ಸೊಂಟದಿಂದ ಬಗ್ಗಿದಳು, ಬಗ್ಗಿದವಳು ಏಳಲೇ ಇಲ್ಲ. ಹಿಂಡುವ ನೋವಿನಲ್ಲಿ ಸೀಟು ಹಿಡಿದು ನೋಡುತ್ತಿದ್ದೆ. ಅಜ್ಜಿ ಹೊಡೆಯುತ್ತಾಳೋ, ಉಗಿಯುತ್ತಾಳೋ, ಬಾಗಿಲು ಬಡಿಯುತ್ತಾಳೋ? ಅವಳ ತುಟಿ ಒಮ್ಮೆ ಅಲುಗಿತು. ನೊರಿಕೊ ಸರಕ್ಕನೆ ನೆಟ್ಟಗಾದಳು. ಅಜ್ಜಿ ಮೇಧಾಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ನೊರಿಕೊ ಬಂದು ಕಾರು ಹೊರಡಿಸಿದ ಮೇಲೆ ಕೇಳಿದೆ.

"ಏನಂದ್ರು?"

"ಜಪಾನಿ ಭಾಷೆಯಲ್ಲಿ ಮಾತಾಡಿದರು. 'ಎದ್ದು ನಿಲ್ಲು' ಅಂದರು." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು: "ನಾವು ಯಾರೂ ಮನೆಯಲ್ಲಿ ಹಾಗೆ ಮಾತಾಡಲ್ಲ, ಶಾರದಾ-ಸಾನ್. ಅದು ಸೈನಿಕರು ಗದರಿಸೋ ರೀತಿ. ಅವರಿಗೆ ಕಲಿಸಿದ್ದು ಅದೊಂದೇ."

ಗಂಡು ಮಗು ಹುಟ್ಟಿತು, ಆರೋಗ್ಯವಾಗಿದೆ. ವೈಪೋ ಈಗ ಮತ್ತೆ ಬರುತ್ತಿದ್ದಾಳೆ. ಅವರಲ್ಲೂ ಬಾಣಂತಿ ಒಂದು ತಿಂಗಳು ನೀರು ಮುಟ್ಟಬಾರದಂತೆ. ಶುಂಠಿಗೆ ಕಂದು ಸಕ್ಕರೆ ಹಾಕಿ ಕುದಿಸಿ ನನಗೆ ಕುಡಿಸುತ್ತಾಳೆ. ನೊರಿಕೊ ಬೆಳಿಗ್ಗೆ, ಅಜ್ಜಿ ಮಧ್ಯಾಹ್ನ. ನೊರಿಕೊ ಹೊರಡುವುದು ಹತ್ತು ನಿಮಿಷ ತಡವಾದರೂ ನಾನು ಕಿಟಕಿಯಾಚೆ ನೋಡುತ್ತಿರುತ್ತೇನೆ. ಇಬ್ಬರೂ ಎದುರಾದದ್ದು ಆ ಬಾಗಿಲಲ್ಲಿ ಒಮ್ಮೆ ಮಾತ್ರ. ಅದನ್ನು ರಾಜಿ ಎನ್ನಲು ನನಗೆ ಧೈರ್ಯವಿಲ್ಲ.

ಮಗುವಿಗೆ ಹಾಲೂಡಿಸುತ್ತಾ ಕೂತಾಗ ನೆನಪಾಗುವುದು ಮೈಸೂರಿನ ನಮ್ಮ ಮನೆಯೆದುರಿನ ಜುಬೇದಾ ಆಂಟಿ. ನಮ್ಮ ಬೊಂಬೆ ನೋಡಲು ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬರುತ್ತಿದ್ದವರು. ಅಯೋಧ್ಯೆಯಲ್ಲಿ ಮಸೀದಿ ಬಿದ್ದ ಆ ಡಿಸೆಂಬರಿನ ನಂತರದ ನವರಾತ್ರಿಗೆ ಅವರು ಬರಲಿಲ್ಲ. ನಾವು ಕರೆಯಲಿಲ್ಲ. ನಡುವೆ ಇದ್ದದ್ದು ಹನ್ನೆರಡು ಅಡಿ ರಸ್ತೆ. ನಾನೂ ದಾಟಲಿಲ್ಲ, ದಸರೆ ರಜೆ ಮುಗಿದ ಮೇಲೆ ಶಾಲೆಗೆ ಹೋಗಿ ಚರಿತ್ರೆ ಪಾಠ ಮಾಡಿದೆ.

ರಮೇಶನ ಕೆಲಸ ಬರುವ ಬೇಸಿಗೆಗೆ ಮುಗಿಯುತ್ತದೆ. ಇಲ್ಲೇ ಉಳಿಯೋಣವೇ, ಹೊರಡೋಣವೇ ಎಂದು ದಿನವೂ ಚರ್ಚೆ. ಮುಂದಿನ ನವರಾತ್ರಿಗೆ ಅಲ್ಲಿದ್ದರೆ ಮೊದಲು ಜುಬೇದಾ ಆಂಟಿಯ ಮನೆಗೆ ಹೋಗಿ ಕರೆಯುತ್ತೇನೆ ಎಂದು ಅಮ್ಮನಿಗೆ ಬರೆದೆ. ಬರೆಯುವಾಗಲೂ ಭಯವಾಯಿತು. ನಿನ್ನೆ ಉತ್ತರ ಬಂತು. ಮಗುವಿಗೆ ಎಣ್ಣೆ ಹಚ್ಚುವುದು ಹೇಗೆ, ಬಜೆ ತೇಯುವುದು ಹೇಗೆ ಎಂದು ಎರಡು ಪುಟ ಬರೆದು, ಕೊನೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಅಮ್ಮ ಸೇರಿಸಿದ್ದಾಳೆ: "ಅವರು ಮನೆ ಖಾಲಿ ಮಾಡಿ ವರ್ಷವಾಯಿತು. ಎಲ್ಲಿಗೆ ಹೋದರೆಂದು ನಾವು ಯಾರೂ ಕೇಳಲಿಲ್ಲ."