ಕೆನ್ನೆಯಲ್ಲಿ ನಿಲ್ಲದ ಗಾಳಿ

"ಕೆನ್ನೆ ಉಬ್ಬಿಸಿ ಮೇಷ್ಟ್ರೇ," ಎಂದ ಕ್ಷೌರಿಕ. ನಿವೃತ್ತ ಮೇಷ್ಟ್ರು ಉಬ್ಬಿಸಿದರು, ಆದರೆ ಎಡಬದಿಯ ತುಟಿಯಿಂದ ಗಾಳಿ ಪುಸ್ಸೆಂದು ಸೋರಿತು. ಇಪ್ಪತ್ತು ವರ್ಷದಿಂದ ಆ ಕೆನ್ನೆಯ ಮೇಲೆ ಕತ್ತಿ ಆಡಿಸಿದವನಿಗೆ ಇದು ಹೊಸದು.

"ಸ್ವಲ್ಪ ನಗಿ ನೋಡೋಣ."

"ನಿನ್ನ ಹಳೇ ಜೋಕಿಗಾ?" ಮೇಷ್ಟ್ರ ಮಾತು ತೊದಲಿತು, ನಗು ಒಂದೇ ಕಡೆ ಅರಳಿತು. ಕೈಗಳನ್ನು ಎತ್ತಿಸಿದರೆ ಎಡಗೈ ಜಾರಿ ಬಿತ್ತು.

ಕ್ಷೌರಿಕನ ಅತ್ತಿಗೆ ನರ್ಸ್; ಅವರು ಪಾರ್ಶ್ವವಾಯುವಿನ ಈ ಲಕ್ಷಣಗಳನ್ನೇ ಹೇಳಿ ಹೇಳಿ ಮನೆಯವರ ತಲೆ ತಿಂದಿದ್ದರು. ಅವನು ತಕ್ಷಣ ಆಂಬ್ಯುಲೆನ್ಸಿಗೆ ಫೋನ್ ಮಾಡಿದ.

"ಅರ್ಧ ಗಡ್ಡದಲ್ಲಿ ಆಸ್ಪತ್ರೆಗಾ? ಎರಡು ವಾರದಿಂದ ಬಿಪಿ ಮಾತ್ರೆ ತಗೊಂಡಿಲ್ಲ, ಅಷ್ಟೇ. ಮಲಗಿದರೆ ಸರಿಹೋಗುತ್ತೆ."

"ಶಾಲೇಲಿ ನಿಮ್ಮ ಮಾತು ನಾನು ಕೇಳಿದ್ದೆ. ಇವತ್ತೊಂದಿನ ನನ್ನ ಮಾತು ನೀವು ಕೇಳಿ."

ಆಸ್ಪತ್ರೆಯಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿಯಲ್ಲಿ ಕೂತಾಗ ಮೇಷ್ಟ್ರ ಮಾತು ಸ್ಪಷ್ಟವಾಗಿತ್ತೆಂದು ಕ್ಷೌರಿಕ ವೈದ್ಯರಿಗೆ ಖಚಿತವಾಗಿ ಹೇಳಿದ. ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆ ಮೀರಿಲ್ಲವೆಂದು ತಿಳಿದ ವೈದ್ಯರು ಸ್ಕ್ಯಾನ್ ನೋಡಿ ರಕ್ತದ ಹೆಪ್ಪು ಕರಗಿಸುವ ಮದ್ದು ಕೊಟ್ಟರು. ಆರನೇ ದಿನ ಮೇಷ್ಟ್ರು ನಡೆದೇ ಮನೆಗೆ ಹೋದರು.

ಮುಂದಿನ ಸೋಮವಾರ ಆ ಬೀದಿಯ ಐದು ಅಂಗಡಿಗಳ ಕ್ಷೌರಿಕರು ಈ ಲಕ್ಷಣಗಳನ್ನು ಕಲಿಯಲು ಅದೇ ಆಸ್ಪತ್ರೆಗೆ ಹೋಗಲಿದ್ದಾರೆ.