ಕಾಕಾನ ಹಸಿರು ಗಾಡಿ ಕುಡಿದ ನೀರು

ನಾನು ಸಣ್ಣವಳಿದ್ದಾಗ ನಮ್ಮ ಬೀದರಿನ ಓಣಿಯಲ್ಲಿ ಬಾವಿಗೆ ಹರಳು ಹಾಕಿ ಕಿವಿಗೊಡುವ ಆಟವಿತ್ತು. ‘ಬುಳುಕ್’ ಎಂದರೆ ಗೆದ್ದಂತೆ, ‘ಟಕ್’ ಎಂದರೆ ಸೋತಂತೆ. ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ನಾವೆಲ್ಲ ಸೋಲುತ್ತಲೇ ಹೋದೆವು. ಆಟ ತಾನಾಗಿಯೇ ನಿಂತಿತು. ಮಂದಿ ಗಂಟು ಕಟ್ಟಿಕೊಂಡು ಹೈದರಾಬಾದಿಗೆ, ಬೊಂಬಾಯಿಗೆ ಹೋಗುತ್ತಿದ್ದ ಆ ದಿನಗಳಲ್ಲಿ ನಮ್ಮ ಮಾಣಿಕ ಕಾಕಾ ಮಾತ್ರ ಹೈದರಾಬಾದು ಬಿಟ್ಟು ಊರಿಗೆ ಬಂದ. ಅದೂ ಒಂದು ಹಸಿರು ಕಾರಿನಲ್ಲಿ.

ಕಾಕಾ ಅಪ್ಪನ ತಮ್ಮ. ಅಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ಡ್ರೈವರ್ ಆಗಿದ್ದ. ಡಾಕ್ಟರು ದೇಶ ಬಿಟ್ಟು ಹೋಗುವಾಗ ತಮ್ಮ ಹಳೆಯ ರೇಸಿನ ಕಾರನ್ನು, “ಇದು ನೀರು ಕುಡಿಯುತ್ತೆ, ಯಾರಿಗೂ ಬೇಡ, ನೀನೇ ಇಟ್ಕೋ” ಎಂದು ಕೊಟ್ಟಿದ್ದರಂತೆ. ಉದ್ದ ಮೂತಿ, ಎರಡೇ ಸೀಟು, ತಲೆಯ ಮೇಲೆ ಛಾವಣಿಯಿಲ್ಲ. ಕೂತರೆ ನೆಲಕ್ಕೆ ಕೂತಂತೆಯೇ. ಬಿಸಿಲಿಗೆ ಕಾದ ಚರ್ಮದ ವಾಸನೆ, ಪೆಟ್ರೋಲಿನ ವಾಸನೆ ಎರಡೂ ಸೇರಿ ನನಗೆ ತಲೆ ತಿರುಗುತ್ತಿತ್ತು. ಆದರೂ ಇಳಿಯಲು ಮನಸ್ಸಾಗುತ್ತಿರಲಿಲ್ಲ.

“ಏನೋ ಇದು? ಎತ್ತು ಮೇಯೋ ಗೋದಲಿಗಿ ಗಾಲಿ ಹಚ್ಚಿಕೊಂಡು ಬಂದೀ?” ಎಂದಳು ನಮ್ಮ ಆಯಿ, ಅಪ್ಪನ ತಾಯಿ.

ಕಾಕಾನ ಹೆಂಡತಿ, ನಮ್ಮ ಕಾಕಿ, ಆಗ ಮನೆಯಲ್ಲಿ ಇರಲಿಲ್ಲ. ಔರಾದಿನ ಆಚೆ ಡಾಬಕಾದಲ್ಲಿ ತವರಿನಲ್ಲಿದ್ದಳು. ತನ್ನದಲ್ಲದ ಮಂದಿಯ ಗಾಡಿ ಹೊಡೆಯುವವನ ಹಿಂದೆ ಮಗಳನ್ನು ಕಳಿಸುವುದಿಲ್ಲ ಎಂದು ಅವಳ ಅಪ್ಪ ಹಟ ಹಿಡಿದಿದ್ದ. ಆ ಮನೆಯವರೂ ಕುರಿಗಳನ್ನು ಮಾರಿ, ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟಿದ್ದಾರೆ, ಕಾಕಿಯನ್ನೂ ಕರೆದುಕೊಂಡು ಹೋಗುತ್ತಾರೆ ಎಂಬ ಸುದ್ದಿ ಬಂತು.

“ಬಸ್ಸಿಗಿ ಹೋಗಿ ಕರಕೊಂಡು ಬಾರಪ್ಪಾ,” ಎಂದ ಅಪ್ಪ.

“ಇಲ್ಲಣ್ಣಾ, ನಾ ನನ್ನ ಗಾಡಿ ಮ್ಯಾಲೇ ಹೋಗ್ತೇನಿ.”

ಬಸ್ಸು ದಿನಾ ಹೋಗುತ್ತದೆ, ಗಾಡಿ ಹೋಗುವುದಿಲ್ಲ. ಹಾಗಿದ್ದ ಮೇಲೆ ಬಸ್ಸಿಗೇಕೆ ಹೋಗಬಾರದು? ನನಗೆ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತೇನೋ, ಮತ್ತೆ ಒತ್ತಾಯಿಸಲಿಲ್ಲ.

ಕಾಕಾ ಗಾಡಿಯ ರೋಗ ಹುಡುಕತೊಡಗಿದ. ಮುಂಜಾನೆ ರೇಡಿಯೇಟರ್ ತುಂಬಿ, ಕೋಟೆಯ ತನಕ ಒಂದು ಸುತ್ತು ಹೊಡೆದು ಬಂದರೆ ಅರ್ಧ ಖಾಲಿ. ಗಾಡಿಯ ಕೆಳಗೆ ಹಳೆಯ ಪೇಪರ್ ಹಾಸಿ, ಹನಿ ಬೀಳುತ್ತದೇನೋ ನೋಡು ಎಂದು ನನ್ನನ್ನು ಕೂರಿಸಿದ. ನಾನು ಹೊಟ್ಟೆಯ ಮೇಲೆ ಮಲಗಿ ಕಣ್ಣು ಮಿಟುಕಿಸದೆ ನೋಡಿದೆ. ಪೇಪರ್ ಒಣಗಿಯೇ ಇತ್ತು. ರಬ್ಬರ್ ಪೈಪಿನ ಬಾಯಿಗಳನ್ನು ತಂತಿಯಿಂದ ಬಿಗಿದ. ಮುಚ್ಚಳದ ಒಳಗೆ ಸೈಕಲ್ ಟ್ಯೂಬಿನ ಉಂಗುರ ಕತ್ತರಿಸಿ ಕೂರಿಸಿದ. ಮರುದಿನ ಮತ್ತೆ ಅರ್ಧ ಖಾಲಿ.

“ಹೊರಗ ಬರಂಗಿಲ್ಲ, ಒಳಗ ಇರಂಗಿಲ್ಲ. ಮತ್ತ ಎಲ್ಲಿ ಹೋಗ್ತದ ಇದು?” ಎಂದು ತಲೆ ಹಿಡಿದುಕೊಂಡ.

ಇಡೀ ಓಣಿ ಪರೇಶಾನ್ ಆಯಿತು. ಬಿಸಿಲಿಗೆ ಹಾರುತ್ತದೆ ಎಂದರು ಒಬ್ಬರು, ನಾಯಿ ನೆಕ್ಕುತ್ತದೆ ಎಂದರು ಇನ್ನೊಬ್ಬರು. ಆಯಿ ಮಾತ್ರ ಕೊಡದ ಮೇಲೆ ಕೈಯಿಟ್ಟು, “ಮನುಷ್ಯಾರಿಗಿ ಇಲ್ಲದ ನೀರು ಕಬ್ಬಿಣಕ್ಕ ಹಾಕ್ಲತ್ತೀದಿ, ನಿನಗ ಬುದ್ಧಿ ಅದನೋ ಇಲ್ಲೋ?” ಎಂದು ಬೈದಳು. ಬೈದವಳೇ, ರೋಗ ಸಿಗದಿದ್ದರೂ ಕಾಕಾ ಡಾಬಕಾಕ್ಕೆ ಹೊರಟ ದಿನ ತನ್ನ ಸ್ನಾನ ಬಿಟ್ಟು ಆ ನೀರನ್ನು ಗಾಡಿಗೆ ಹಾಕಿಸಿದಳು. ಹುಡುಗಿಯ ಮುಖ ನೋಡಿದರೆ ಸೊಸೆ ಮೆತ್ತಗಾಗುತ್ತಾಳೆ ಎಂದು ನನ್ನನ್ನೂ ಕೂರಿಸಿದಳು. ಕಾಲಿನ ಹತ್ತಿರ ಎರಡು ಡಬ್ಬಿ ನೀರು, ಮಡಿಲಲ್ಲಿ ರೊಟ್ಟಿ, ಶೇಂಗಾ ಹಿಂಡಿ.

ಜನವಾಡ ದಾಟುವವರೆಗೆ ನಾನು ರಾಣಿಯಂತೆ ಇದ್ದೆ. ರಸ್ತೆಯ ಬದಿಯಲ್ಲಿ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯುತ್ತಿದ್ದವರು ಸುತ್ತಿಗೆ ಎತ್ತಿದ ಕೈ ಹಾಗೆಯೇ ಹಿಡಿದು ನೋಡಿದರು. ಮಾಂಜ್ರಾ ಹೊಳೆಯಲ್ಲಿ ಬರೀ ಉಸುಕು. ಹೆಂಗಸರು ತೋಡಿದ ಕುಣಿಗೆ ಇಳಿದು ಬಟ್ಟಲಿನಿಂದ ಕೊಡ ತುಂಬುತ್ತಿದ್ದರು. ಸೇತುವೆ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೊರಳಿತು. ಮೂತಿಯಿಂದ ಉಗಿ ಎದ್ದಿತು. ಗಾಡಿ ನಿಂತಿತು.

ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ತಿಂದೆವು. ಇಂಜಿನ್ ಆರಿದ ಮೇಲೆ ಕಾಕಾ ನೀರು ತುಂಬಿ, ಮುಚ್ಚಳ ತೆರೆದೇ ಇಟ್ಟು ಚಾಲೂ ಮಾಡಿದ. ನೀರು ಇನ್ನೂ ತಣ್ಣಗಿತ್ತು. ಆದರೂ ಒಂದರ ಹಿಂದೆ ಒಂದು ಗುಳ್ಳೆ ಮೇಲೆ ಬರತೊಡಗಿತು. ಹಿಂದೆ ಸೈಲೆನ್ಸರಿನಿಂದ ಬೆಳ್ಳನೆಯ ಹೊಗೆ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಎಣ್ಣೆ ಹಾಲು ಹಾಕಿದ ಚಹಾದಂತೆ ಕಾಣುತ್ತಿತ್ತು.

“ಹೆಡ್ ಗ್ಯಾಸ್ಕೆಟ್, ಇಂಜಿನ್ ತಲಿ ಕೆಳಗಿನ ತಗಡು, ಹೋಗ್ಯದ,” ಎಂದ ಮೆಲ್ಲಗೆ. “ಸುಮಿ, ಇದು ಒಳಗೊಳಗೇ ನೀರು ಕುಡದು ಹೊಗಿ ಮಾಡಿ ಬಿಡ್ಲತ್ತದ. ಇಂಜಿನ್ ಬಿಚ್ಚೋತನಾ ಏನೂ ಆಗಂಗಿಲ್ಲ.”

“ಹಂಗಾದ್ರ ಕಾಕಿ?”

ಕಾಕಾ ಗಾಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತ. ದೊಡ್ಡವರು ಹಾಗೆ ಕೂರುವುದನ್ನು ನಾನು ನೋಡಿರಲಿಲ್ಲ. ಹೆದರಿಕೆಯಾಯಿತು.

ಆಗ ಔರಾದಿನ ಕಡೆಯಿಂದ ಒಂದು ಲಾರಿ ಬಂತು. ಮೇಲೆ ಹಾಸಿಗೆ, ಹಂಡೆ, ಮುದುಕರು, ಮಕ್ಕಳು. ನಮ್ಮನ್ನು ದಾಟಿ ಹೋಗಿ ಗಕ್ಕನೆ ನಿಂತಿತು. ಕಾಕಿಯ ಅಪ್ಪ ಮೇಲಿನಿಂದ ಬಗ್ಗಿ ನೋಡಿದ.

“ಯಾರ ಗಾಡಿರೀ ಇದು, ಅಳಿಯಂದಿರೇ?”

“ನಂದೇ ರೀ, ಮಾವಾ.”

“ನಿಮ್ದೇ ಇದ್ರ ಯಾಕ ನಿಂತದ?”

ಲಾರಿಯಲ್ಲಿದ್ದವರು ನಕ್ಕರು. ಕಾಕಿ ನಗಲಿಲ್ಲ. ಗಾಲಿಯ ಮೇಲೆ ಕಾಲಿಟ್ಟು ಇಳಿದು ಬಂದಳು. ಗಾಡಿಯ ಸುತ್ತ ಒಂದು ಸಲ ನಡೆದಳು.

“ಏನಾಗ್ಯದರೀ ಇದಕ್ಕ?”

“ನೀರು ನಿಲ್ಲಂಗಿಲ್ಲ. ಹೊರಗ ಒಂದು ಹನಿ ಕಾಣಂಗಿಲ್ಲ, ಒಳಗೇ ಸುಟ್ಟು ಹೋಗ್ತದ.”

“ಗೊತ್ತಿದ್ದೂ ಇಷ್ಟು ದೂರ ತಂದೀರಿ?”

“ನಿನಗ ಕರೀಲಿಕ್ಕ ಬಂದೀನಿ.”

ಕಾಕಿ ಸೆರಗು ಬಾಯಿಗೆ ಹಿಡಿದಳು. ಅವಳ ಭುಜ ಕುಲುಕಿತು. ನಕ್ಕಳೋ ಅತ್ತಳೋ ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಲಾರಿಯ ಕಡೆ ತಿರುಗಿ ಕೂಗಿದಳು: “ಅಪ್ಪಾ, ನನ್ನ ಗಂಟು ಕೆಳಗ ಒಗಿ.”

ಅವಳ ಅಪ್ಪ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಕೂತ. ಡ್ರೈವರ್ ಹಾರ್ನ್ ಹೊಡೆದ. ಕಡೆಗೆ ಗಂಟು ಬಿತ್ತು. ಅದರ ಹಿಂದೆ ಒಂದು ತಂಬಿಗೆ ನೀರನ್ನು ಚೆಲ್ಲದಂತೆ ಕೈಯಿಂದ ಕೈಗೆ ಇಳಿಸಿದ. “ಇದು ಗಾಡಿಗಿ ಅಲ್ಲ ಮತ್ತ. ಆಕಿಗಿ.”

ಲಾರಿಯ ಹಲಗೆಯ ಸಂದಿಯಿಂದ ಕಾಕಿಯ ತಂಗಿ ಗಂಗೂ ಮೂಗು ತೂರಿಸಿದ್ದಳು. ನನ್ನ ವಾರಿಗೆಯವಳು. ಹಿಂದಿನ ಬೇಸಿಗೆಯಲ್ಲಿ ಬೀದರಿಗೆ ಬಂದಾಗ ಹುಣಸೆ ಬೀಜಕ್ಕೆ ನನ್ನ ಜಡೆ ಹಿಡಿದು ಎಳೆದಾಡಿದ್ದಳು. “ಲೇ ಸುಮೀ, ನಾ ತಿರುಗಿ ಬಂದ ಮ್ಯಾಲ ಇದರಾಗ ಕೂಡಸ್ತೀ ಏನ?”

“ನೀ ಜಲ್ದಿ ಬಾ, ಕೂಡಸ್ತೇನಿ!”

ಲಾರಿ ಧೂಳೆಬ್ಬಿಸಿ ಹೋಯಿತು. ಜೋಡೆತ್ತು ಕಟ್ಟಿ ಗಾಡಿಯನ್ನು ಜನವಾಡಕ್ಕೆ ಎಳೆಸಿದೆವು. ಕಾಕಾ ಸ್ಟೇರಿಂಗ್ ಹಿಡಿದಿದ್ದ, ಕಾಕಿ ಪಕ್ಕದಲ್ಲಿ, ನಾನು ಅವಳ ತೊಡೆಯ ಮೇಲೆ. ಮುಂದೆ ಭಾಲ್ಕಿಯ ಮಿಸ್ತ್ರಿಯೊಬ್ಬ ತಾಮ್ರದ ತಗಡು ಕತ್ತರಿಸಿ ಗ್ಯಾಸ್ಕೆಟ್ ಮಾಡಿಕೊಟ್ಟ. ಗಾಡಿ ಕೆಲವು ವರ್ಷ ಬಾಡಿಗೆಗೆ ಮದುಮಕ್ಕಳನ್ನು ಹೊತ್ತು ತಿರುಗಿತು. ಕಾಕಾ ಕಾಕಿ ಕೊನೆಯವರೆಗೂ ಜಗಳಾಡುತ್ತ ಒಟ್ಟಿಗೇ ಬದುಕಿದರು.

ಮಳೆಯೂ ಮರುವರ್ಷ ಬಂತು. ಡಾಬಕಾದ ಹೊಲಗಳಲ್ಲಿ ಜೋಳ ಎದೆಯುದ್ದ ನಿಂತಿತು. ಹೋದವರು ಮಾತ್ರ ಬರಲಿಲ್ಲ. ಮೊನ್ನೆ ಗಂಗೂಳ ಮಗನ ಮದುವೆಗೆ ಹೈದರಾಬಾದಿಗೆ ಹೋಗಿದ್ದೆ. ಅವಳು ಜರಿ ಸೀರೆಯುಟ್ಟು ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿ, “ಆಯಿಯೇ, ಆಪ್ ಪೆಹಲೇ ಖಾನಾ ಖಾ ಲೀಜಿಯೇ” ಎಂದಳು, ಬನ್ನಿ, ನೀವು ಮೊದಲು ಊಟ ಮಾಡಿ ಎಂದು ಹಿಂದಿಯಲ್ಲಿ. ನಾನು ನಮ್ಮ ಮಾತಿನಲ್ಲಿ, “ಗಂಗೂ, ನೀ ಭಾಳ ಸೊರಗೀದಿಯಲ್ಲ” ಎಂದೆ. ಅವಳಿಗೆ ಆ ಮಾತು ತಿಳಿಯಲಿಲ್ಲ. ತೆಲುಗಿನಲ್ಲಿ ಹಿರಿಯ ಸೊಸೆಯನ್ನು ಏನೋ ಕೇಳಿ, ಮರ್ಯಾದೆಯಿಂದ ನಕ್ಕು, ನನ್ನನ್ನು ಊಟದ ಸಾಲಿಗೆ ಕರೆದೊಯ್ದಳು. ಅಡುಗೆ ಚೆನ್ನಾಗಿತ್ತು. ಆಯಿ, ಅಪ್ಪ, ಕಾಕಾ, ಕಾಕಿ ಎಲ್ಲರೂ ಹೋದ ಮೇಲೆ ನನ್ನನ್ನು ‘ಲೇ ಸುಮೀ’ ಎಂದು ಕರೆಯಬಲ್ಲವಳು ಇವಳೊಬ್ಬಳೇ ಉಳಿದಿದ್ದಾಳೆ ಎಂದುಕೊಂಡು ನಾನು ಅಷ್ಟು ದೂರ ಹೋಗಿದ್ದೆ.