ಕ್ಯಾಸೆಟ್ ನಿಂತಿದ್ದ ಜಾಗ

ನನ್ನ ಗೆಳತಿ ಇಳಕಲ್ಲಿನಿಂದ ಹಳೆಯ ಬಾಗಲಕೋಟೆಯ ನಮ್ಮ ಓಣಿಗೆ ಸೊಸೆಯಾಗಿ ಬಂದಾಗ ನಾನಿನ್ನೂ ಕಾಲೇಜಿಗೆ ಹೋಗುತ್ತಿದ್ದೆ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ಮೂಲತಃ ಬೇವೂರಿನವನು, ವೈರಿಂಗ್ ಕೆಲಸ ಬಲ್ಲವನು. ಮದುವೆಯಾದ ವರ್ಷವೇ ಸೌದಿಗೆ ಹೊರಟುಹೋದ. ಆಮೇಲೆ ಅವಳು ಅತ್ತೆಯ ಕೆಲಸ ಮುಗಿಸಿ ನಮ್ಮ ಮನೆಗೆ ಬಂದು ಕೂರುತ್ತಿದ್ದಳು. ನಾವಿಬ್ಬರೂ ಗೆಳತಿಯರಾದದ್ದು ನಮ್ಮ ಮನೆಯ ಟೇಪ್ ರೆಕಾರ್ಡರ್ ಮುಂದೆ.

ಅವನು ಅಲ್ಲಿ ಒಂದು ವಾಕ್‌ಮನ್ ಕೊಂಡಿದ್ದ. ಕೆಲಸದ ಜಾಗಕ್ಕೆ ಹೋಗುವಾಗ, ಬರುವಾಗ ಕಿವಿಗೆ ಹಾಕಿಕೊಳ್ಳುತ್ತೇನೆ, ಆದರೆ ಕೇಳಲು ಕನ್ನಡದ್ದು ಒಂದೂ ಇಲ್ಲ, ಹಾಡು ತುಂಬಿಸಿ ಕಳಿಸು ಎಂದು ಹೇಳಿಕಳಿಸಿದ. ಆಗ ಪೇಟೆಯ ಅಂಗಡಿಗಳಲ್ಲಿ ಖಾಲಿ ಕ್ಯಾಸೆಟ್ ಕೊಟ್ಟರೆ ಹಾಡು ತುಂಬಿಸಿಕೊಡುತ್ತಿದ್ದರು. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ, ತಾನೇ ತುಂಬಿಸಬೇಕು ಅಂದಳು.

ಹಾಗೆ ಶುರುವಾಯಿತು. ಮಧ್ಯಾಹ್ನ ರೇಡಿಯೋದಲ್ಲಿ ಕೇಳುಗರ ಮೆಚ್ಚಿನ ಹಾಡುಗಳು ಬರುವ ಹೊತ್ತಿಗೆ ನಾವು ಬಾಗಿಲು ಹಾಕಿ, ರೇಡಿಯೋ ಎದುರಿಗೆ ಟೇಪ್ ಇಟ್ಟು, ಕೆಂಪು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದೆವು. ಹಾಡಿನ ಮೊದಲ ಸಾಲು ಬಹುತೇಕ ತಪ್ಪಿಹೋಗುತ್ತಿತ್ತು. ರೇಡಿಯೋದವರು ನಡುವೆ ಮಾತಾಡಿದರೆ ಅವಳಿಗೆ ಸಿಟ್ಟು. ಎಷ್ಟು ಎಚ್ಚರದಿಂದಿದ್ದರೂ ಓಣಿಯ ಸದ್ದು ಸೇರಿಕೊಳ್ಳುತ್ತಿತ್ತು: ಸೈಕಲ್ ಗಂಟೆ, ಅಜಾನ್, ನಮ್ಮವ್ವ ಕೊಡ ಕೆಳಗಿಡುವ ಶಬ್ದ. ಅಳಿಸಿ ಮತ್ತೆ ತುಂಬೋಣವೆಂದು ನಾನು ಅಂದರೆ ಅವಳು ಬೇಡ ಅನ್ನುತ್ತಿದ್ದಳು. ಅವನಿಗೆ ಹಾಡಿಗಿಂತ ಇವೇ ಹೆಚ್ಚು ಇಷ್ಟವಾಗಬಹುದು ಎನ್ನುವುದು ಅವಳ ಲೆಕ್ಕ. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು, ಹತ್ತಿಗೆ ಸ್ಪಿರಿಟ್ ಹಚ್ಚಿ ರೆಕಾರ್ಡರಿನ ಹೆಡ್ ಒರೆಸುವುದು ಎಲ್ಲವನ್ನೂ ಅವಳು ನನಗಿಂತ ಬೇಗ ಕಲಿತಳು. ತುಂಬಿದ ಕ್ಯಾಸೆಟ್ಟುಗಳು ಸೌದಿಗೆ ಹೊರಟವರ ಕೈಯಲ್ಲಿ ಹೋಗುತ್ತಿದ್ದವು.

ಒಂದು ಸಲ ಅವನು ರಿವಾಯತ್ ಪದ ಬೇಕೆಂದು ಕೇಳಿದ. ಮೊಹರಂ ದಿನಗಳಲ್ಲಿ ನಮ್ಮ ಕಡೆ ಹಿಂದೂ ಮುಸ್ಲಿಮರೆಲ್ಲ ಕೂಡಿ ಹಾಡುವ ಪದಗಳವು. ಊರಲ್ಲಿದ್ದಾಗ ಅವನೂ ಆ ಮೇಳದಲ್ಲಿ ಹಾಡುತ್ತಿದ್ದ. ಇಬ್ಬರೂ ಅವಳ ಅತ್ತೆಯ ಜೊತೆ ಬೇವೂರಿಗೆ ಹೋಗಿ, ಹಾಡುವವರ ಮುಂದೆ ಟೇಪ್ ಹಿಡಿದು ನಿಂತೆವು. ಅದೇ ನಾವು ತುಂಬಿದ ಕೊನೆಯ ಕ್ಯಾಸೆಟ್. ಮೊದಲ ಬದಿ ಪೂರ್ತಿ, ಎರಡನೆಯ ಬದಿಯಲ್ಲೂ ಬಹುಪಾಲು ರಿವಾಯತ್. ಕೊನೆಗೆ ಸ್ವಲ್ಪ ಜಾಗ ಉಳಿಯಿತು.

ಬಾಗಲಕೋಟೆಗೆ ವಾಪಸು ಬಂದ ಮರುದಿನ ಅವಳು ನನಗೆ ಹಿತ್ತಲಿಗೆ ಹೋಗು ಅಂದಳು. ಉಳಿದ ಜಾಗದಲ್ಲಿ ತಾನೊಂದು ಮಾತು ಹೇಳಬೇಕು, ನೀ ಕೇಳಬಾರದು ಅಂದಳು. ನಾನು ನಗುತ್ತ ಹೊರಗೆ ಹೋಗಿ ನಿಂತೆ. ತುಸು ಹೊತ್ತಿನ ಮೇಲೆ ಒಳಗೆ ಬಂದು ಗುಂಡಿ ಒತ್ತಿ ನಿಲ್ಲಿಸಿದೆ. ಗಂಡಹೆಂಡಿರ ಮಾತು ಎಂದುಕೊಂಡು ಮತ್ತೆ ಕೇಳಲಿಲ್ಲ.

ಕೆಲವು ತಿಂಗಳ ನಂತರ ಅವನು ತೀರಿಕೊಂಡ ಸುದ್ದಿ ಬಂತು. ಕೆಲಸಗಾರರನ್ನು ಕರೆದೊಯ್ಯುತ್ತಿದ್ದ ಗಾಡಿ ಮಗುಚಿ ಬಿದ್ದಿತ್ತು. ಮಣ್ಣು ಅಲ್ಲೇ ಆಯಿತು. ಮುಖ ನೋಡುವುದಿರಲಿ, ಗೋರಿ ಎಲ್ಲಿದೆಯೆಂದೂ ಇವರಿಗೆ ತಿಳಿಯಲಿಲ್ಲ. ಬಹಳ ದಿನಗಳಾದ ಮೇಲೆ ಜೊತೆಗಿದ್ದವನೊಬ್ಬ ಅವನ ಬ್ಯಾಗು ತಂದು ಕೊಟ್ಟುಹೋದ. ಎರಡು ಅಂಗಿ, ಒಂದು ಟೆಸ್ಟರ್, ವಾಕ್‌ಮನ್. ವಾಕ್‌ಮನ್ನಿನೊಳಗೆ ಆ ಕೊನೆಯ ಕ್ಯಾಸೆಟ್ ಇತ್ತು, ಎರಡನೆಯ ಬದಿ ಮೇಲೆ ಮಾಡಿ.

ನಾನು ಸುಮ್ಮನೆ ಅದನ್ನು ಕೈಗೆತ್ತಿಕೊಂಡೆ. ಅವಳು ತಟ್ಟನೆ ಕಸಿದುಕೊಂಡಳು.

“ಒತ್ತಬ್ಯಾಡ,” ಅಂದಳು. “ಅವರು ಬಂದ್ ಮಾಡಿದ್ದು ಎಲ್ಲಿ ಐತೋ ಅಲ್ಲೇ ಇರ್ಲಿ.”

ಆಗ ಅವಳು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದೆಂದು ಆಗಲೇ ಖಚಿತವಾಗಿತ್ತು. ನವನಗರದಲ್ಲಿ ಹೊಸ ಮನೆ ಏಳಬೇಕಿತ್ತು. ಮನೆ ಮುಗಿಯುವ ತನಕ ಮಗ ಅಲ್ಲೇ ಇರಲಿ ಎಂಬುದು ಅತ್ತೆಯ ಆಸೆ. ಎಸ್‌ಟಿಡಿ ಬೂತಿನಿಂದ ಮಾತಾಡುವಾಗ ಅತ್ತೆ ಪಕ್ಕದಲ್ಲೇ ನಿಂತಿರುತ್ತಿದ್ದಳು. ಇವಳೂ ಆರಾಮಿದ್ದೇವಿ, ಅವಸರ ಮಾಡಬೇಡಿ ಎಂದೇ ಹೇಳುತ್ತಿದ್ದಳು. ಕ್ಯಾಸೆಟ್ಟಿನ ಕೊನೆಯಲ್ಲಿ ಮಾತ್ರ ಖರೆ ಮಾತು ಹೇಳಿದ್ದಳು: ಮನೆ ಬೇಡ, ಏನೂ ಬೇಡ, ಬಂದುಬಿಡಿ ಎಂದು. ಅದನ್ನು ಅವನು ಕೇಳಿದ್ದನೋ ಇಲ್ಲವೋ ಗೊತ್ತಾಗುವ ದಾರಿ ಅದೊಂದೇ ಆಗಿತ್ತು. ಗುಂಡಿ ಒತ್ತಿದಾಗ ಪದ ಕೇಳಿಸಿದರೆ ಅವನು ಅವಳ ಮಾತಿನ ತನಕ ಬಂದಿರಲಿಲ್ಲ. ಪದ ಮುಗಿದಿದ್ದರೆ ಬಂದಿದ್ದ.

ಅವನು ಎಷ್ಟೋ ಸಲ ಕೇಳಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳುತ್ತಿದ್ದಿರಬಹುದು, ಪದ ಬಂದರೂ ಏನೂ ಸಾಬೀತಾಗುವುದಿಲ್ಲ ಎಂದು ನಾನು ತಿಳಿಸಿ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಒತ್ತಲಿಲ್ಲ. ವಾಕ್‌ಮನ್ನಿನ ಸಣ್ಣ ಕಿಟಕಿಯಲ್ಲಿ ನೋಡಿದರೆ ಟೇಪು ಬಹುತೇಕ ಬಲಗಡೆ ಸುತ್ತಿಕೊಂಡಿತ್ತು. ಕಣ್ಣಳತೆಗೆ ಅದಕ್ಕಿಂತ ಹೆಚ್ಚು ತಿಳಿಯುವಂತಿರಲಿಲ್ಲ.

ಓಣಿ ಮುಳುಗಿತು. ನಾವು ನವನಗರಕ್ಕೆ ಬಂದೆವು. ಅವಳು ಇಳಕಲ್ಲಿನ ತವರಿಗೆ ಹೋಗಿ ಅಂಗನವಾಡಿಯಲ್ಲಿ ಕೆಲಸ ಹಿಡಿದಳು. ಎರಡನೆಯ ಮದುವೆಯ ಮಾತು ಬಂದಾಗ ಒಲ್ಲೆನೆಂದಳು. ನಾನು ಬಾದಾಮಿಯ ಶಾಲೆಯೊಂದರಲ್ಲಿ ಮಾಸ್ತರಿಣಿಯಾದೆ. ದಿನವೂ ಬಸ್ಸಿನಲ್ಲಿ ಹೋಗಿಬರುವಾಗ ನಾನೂ ಒಂದು ವಾಕ್‌ಮನ್ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಹಾಡಿನ ನಡುವೆ ಇಳಿಯುವ ಜಾಗ ಬಂದರೆ ಅಲ್ಲಿಗೇ ನಿಲ್ಲಿಸಬೇಕಾಗುತ್ತಿತ್ತು. ನಿಲ್ಲಿಸಿದಾಗಲೆಲ್ಲ, ನಾನು ಈಗ ಸತ್ತರೆ ನನ್ನವರಿಗೆ ಈ ಸಾಲು ಸಿಗುತ್ತದೆ ಎಂಬ ಯೋಚನೆ ಬರುತ್ತಿತ್ತು. ಕೊನೆಕೊನೆಗೆ ಹಾಡು ಪೂರ್ತಿ ಮುಗಿಯುವ ತನಕ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದು ಆಮೇಲೆ ಶಾಲೆಗೆ ನಡೆಯತೊಡಗಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಅವಳು ಫೋನ್ ಮಾಡಿದಳು. ಕಿವಿಗಳು ಮಂದವಾಗುತ್ತಿವೆ, ಎಡಗಿವಿ ಆಗಲೇ ಕೇಳುವುದಿಲ್ಲ, ಬಲಗಿವಿಯದೂ ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. “ಇರೂದ್ರೊಳಗ ಕೇಳಿಬಿಡ್ತೇನಿ,” ಅಂದಳು. “ನಿನ್ನ ಟೇಪ್ ಐತೇನು ಇನ್ನೂ?”

ಇತ್ತು. ಒಳಗಿನ ರಬ್ಬರ್ ಬೆಲ್ಟು ಅಂಟಾಗಿ ಹೋಗಿತ್ತು. ಬೆಲ್ಟು ಹಾಕಿಸಿಕೊಂಡು, ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಿ ಇಳಕಲ್ಲಿಗೆ ಹೋದೆ. ಹೋಗುವಾಗ ತೊಡೆಯ ಮೇಲೆ ಟೇಪ್ ಇಟ್ಟುಕೊಂಡಿದ್ದೆ. ನನ್ನ ಹೆದರಿಕೆ ಒಂದೇ: ಪದ ಕೇಳಿಸಿಬಿಟ್ಟರೆ ಇವಳನ್ನು ಹೇಗೆ ಸಮಾಧಾನ ಮಾಡುವುದು?

ಮಧ್ಯಾಹ್ನದ ಹೊತ್ತು. ಪಕ್ಕದ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ಅವಳು ವಾಕ್‌ಮನ್ನಿನಿಂದ ಕ್ಯಾಸೆಟ್ ತೆಗೆದು, ಗಾಲಿ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ಟೇಪಿಗೆ ಹಾಕಿದೆ. ಅವಳು ಬಲಗಿವಿಯನ್ನು ಹತ್ತಿರ ತಂದು, ನೀನೇ ಒತ್ತು ಅಂದಳು.

ಪದ ಬರಲಿಲ್ಲ. ಮೊದಲು ಸರ್ ಎಂಬ ಸದ್ದು. ದೂರದಲ್ಲಿ ಯಾರೋ ಕೊಡ ಕೆಳಗಿಟ್ಟರು. ನಮ್ಮವ್ವ. ಅವ್ವ ತೀರಿಹೋಗಿ ಬಹಳ ವರ್ಷವಾಗಿದೆ. ಆಮೇಲೆ ಬಾಗಿಲು ಕಿರುಗುಟ್ಟಿತು; ಒಂದು ಎಳೆಯ ಹೆಣ್ಣುದನಿ “ಆತೇನ? ಬಂದ್ ಮಾಡ್ಲಿ?” ಎಂದು ಕೇಳಿತು. ಅದು ನಾನೇ ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು. ಟಕ್ಕೆಂದಿತು. ಮುಂದೆ ಖಾಲಿ ಟೇಪು ಓಡುತ್ತಲೇ ಇತ್ತು.

ಅವಳ ಮಾತು ಮುಗಿದ ಬೆನ್ನಿಗೇ ಅವನು ನಿಲ್ಲಿಸಿದ್ದ.

“ಕೇಳ್ಯಾರ ನೋಡು,” ಅಂದೆ. ಅವಳು ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಗೆ ಆನಿಕೊಂಡು ಸೆರಗಿನ ಅಂಚು ಸವರುತ್ತ ಕೂತಳು.

“ಕೇಳಿಲ್ಲ ಅಂತನ ತಿಳಕೊಂಡಿದ್ದೆ ನಾ. ಕೇಳಿದ್ರ ಬರ್ತಿದ್ರು, ಕೇಳಿಲ್ಲ, ಅದಕ್ಕ ಬರಲಿಲ್ಲ ಅಂತ. ಈಗ ಏನಂತ ತಿಳಕೊಳ್ಳಿ?”

ಹೊರಡುವ ತಯಾರಿಯಲ್ಲಿದ್ದಿರಬಹುದು, ರಜೆ ಕೇಳಿದ್ದಿರಬಹುದು, ಆ ದಿನವೇ ಕೇಳಿದ್ದಿರಬಹುದು ಎಂದು ನಾನು ಒಂದೊಂದೇ ಹೇಳಿದೆ. ಅವಳು ಎಲ್ಲಕ್ಕೂ ಇರಬಹುದು ಅಂದಳು. ಬ್ಯಾಗು ತಂದವನನ್ನು ಆಗಲೇ ಕೇಳಬೇಕಿತ್ತು. ಅವನು ಯಾವ ಊರಿನವನೆಂದೂ ಯಾರಿಗೂ ನೆನಪಿಲ್ಲ. ಸಂಜೆ ಹೊರಡುವಾಗ ಟೇಪನ್ನು ಅವಳಲ್ಲೇ ಬಿಟ್ಟುಬಂದೆ.

ಈಗ ಅವಳು ಆಗಾಗ ಫೋನ್ ಮಾಡುತ್ತಾಳೆ. ಅವನ ಮಾತೆತ್ತದೆ ಇಷ್ಟು ವರ್ಷ ಕಳೆದವಳು ಈಗ ಅವನದ್ದೇ ಮಾತಾಡುತ್ತಾಳೆ. ಅವನು ಪದ ಹಾಡುವಾಗ ಶ್ರುತಿ ಬಿಡುತ್ತಿದ್ದದ್ದು, ಅವನಿಗೆ ಜೋಳದ ನುಚ್ಚು ಸೇರದಿದ್ದದ್ದು. ಮೊನ್ನೆ ಕೇಳಿದಳು: “ನಾ ಹೇಳಿದ್ದು ಕೇಳೂಮುಂದ ಅವರು ಕುಂತಿದ್ರೋ, ಗಾಡ್ಯಾಗ ನಿಂತಿದ್ರೋ? ನಿನಗೇನ ಅನಸ್ತೈತಿ?”

ಕುಂತಿರ್ತಾರ ಅಂದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ.